ಕಲ್ಲಿದ್ದಲ ನಾಡಿನಲ್ಲೊಂದು ಕಾಲೇಜು

ಅಮೆರಿಕಾ ಎಂದೊಡನೆ ನಮ್ಮ ಜನರ ಕಣ್ಣ ಮುಂದೆ ನಿಲ್ಲುವ ಚಿತ್ರವೇ ಬೇರೆ. ಮುಗಿಲು ಮುಟ್ಟುವ ಕಟ್ಟಡಗಳು, ಹಗಲಿರುಳೆನ್ನದೆ ಹರಿಯುವ ಮೋಟಾರುಗಳ ಪ್ರವಾಹ, ಮನೆಮನೆಯಲ್ಲೂ ಲಕ್ಷ್ಮಿಯ ನಿವಾಸ. ಅಂಥದೇ ಚಿತ್ರವನ್ನು ಹೊತ್ತು ನಾವೂ 2018ರ ಅಕ್ಟೋಬರ್ ತಿಂಗಳಿನಲ್ಲಿ ಆ ದೇಶಕ್ಕೆ ಹೋಗಿದ್ದೆವು. ಸಮಾಜ ಬಾಂಧವರ ಆಹ್ವಾನದ ಮೇರೆಗೆ ಮೂರು ನಗರಗಳಲ್ಲಿ ವಚನ ಸಾಹಿತ್ಯವನ್ನು ಕುರಿತ ನಮ್ಮ ಉಪನ್ಯಾಸಗಳು ಮುಗಿದಿದ್ದವು. ಮರಳುವ ಮುನ್ನ ಒಂದು ವಾರ ಬಿಡುವಿತ್ತು. ಕೊನೆಯ ದಿನ ಪ್ರಸಾದದ ಹೊತ್ತಿಗೆ ವೈದ್ಯರೊಬ್ಬರು ಬಂದು ನಮಸ್ಕರಿಸಿ, "ಗುರುಗಳೇ, ಇಷ್ಟು ದಿನ ತಾವು ನೋಡಿದ್ದು ಅಮೆರಿಕೆಯ ಅಂಗಳ. ಹಿತ್ತಿಲನ್ನೂ ಒಮ್ಮೆ ನೋಡಿ ಹೋಗಬೇಕು. ನಮ್ಮ ಮನೆಗೆ ದಯಮಾಡಿಸಿ" ಎಂದರು.

ಈ ವೈದ್ಯರು ವಿಜಯಪುರ ಜಿಲ್ಲೆಯವರು. ಕೆಂಟಕಿ ರಾಜ್ಯದ ಆಗ್ನೇಯ ಮೂಲೆಯ ಗುಡ್ಡಗಾಡಿನಲ್ಲಿ ಮೂವತ್ತು ವರ್ಷಗಳಿಂದ ನೆಲೆಸಿದ್ದಾರೆ. ಕನ್ನಡಿಗನೊಬ್ಬ ಅಲ್ಲಿಗೆ ಹೇಗೆ ಸೇರಿದನೆಂದು ಓದುಗ ಬಂಧುಗಳಿಗೆ ಅಚ್ಚರಿಯಾಗಬಹುದು. ಅಪಲಾಚಿಯನ್ ಪರ್ವತಶ್ರೇಣಿಯ ಕಲ್ಲಿದ್ದಲ ಗಣಿಗಳ ಕಾರ್ಮಿಕರಿಗಾಗಿ ಅವರ ಸಂಘವೇ 1956ರಲ್ಲಿ ಹತ್ತು ಆಸ್ಪತ್ರೆಗಳನ್ನು ತೆರೆಯಿತು. ಹಾರ್ಲನ್ ಎಂಬ ಊರಿನದು ಅವುಗಳಲ್ಲೊಂದು. ಇಂಥ ಹಳ್ಳಿಗಾಡಿಗೆ ಬರಲು ಆ ದೇಶದ ವೈದ್ಯರು ಒಪ್ಪುತ್ತಿರಲಿಲ್ಲ. ಆದ್ದರಿಂದ ವೈದ್ಯರಿಲ್ಲದ ಕಡೆಗಳಲ್ಲಿ ಕೆಲವು ವರ್ಷ ಸೇವೆ ಸಲ್ಲಿಸುವ ವಿದೇಶಿ ವೈದ್ಯರಿಗೆ ದೇಶದಲ್ಲಿಯೇ ಉಳಿಯಲು ಅನುಮತಿ ಕೊಡುವ ವ್ಯವಸ್ಥೆಯಾಯಿತು. ಆ ದಾರಿಯಿಂದ ಭಾರತೀಯ ವೈದ್ಯರನೇಕರು ಈ ಬೆಟ್ಟಗಳಿಗೆ ಬಂದರು. ಕೆಲವರು ಅವಧಿ ಮುಗಿದೊಡನೆ ನಗರ ಸೇರಿದರು, ನಮ್ಮ ಆತಿಥೇಯರಂಥವರು ಉಳಿದರು.

ಟೆನೆಸ್ಸೀ ರಾಜ್ಯದ ನಾಕ್ಸ್‌ವಿಲ್ ನಗರದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಎರಡು ಶತಮಾನಗಳ ಹಿಂದೆ ಪೂರ್ವದಿಂದ ಬಂದ ವಲಸಿಗರು ಪಶ್ಚಿಮಕ್ಕೆ ದಾಟಿದ ಕಂಬರ್‌ಲ್ಯಾಂಡ್ ಗ್ಯಾಪ್ ಎಂಬ ಪ್ರಸಿದ್ಧವಾದ ಕಣಿವೆ ಬಾಯಿ ದಾರಿಯಲ್ಲಿ ಸಿಕ್ಕುತ್ತದೆ. ಈಗ ಬೆಟ್ಟ ಹತ್ತಬೇಕಾದ ಕಷ್ಟವಿಲ್ಲ, 1996ರಲ್ಲಿ ತೆರೆದ ಸುರಂಗ ನಮ್ಮನ್ನು ನೇರವಾಗಿ ಕೆಂಟಕಿಗೆ ಕೊಂಡೊಯ್ಯುತ್ತದೆ. ಸುರಂಗದಾಚೆಯ ಮಿಡಲ್ಸ್‌ಬರೋ ಎಂಬ ಊರು ಎಂದೋ ಬಿದ್ದ ಉಲ್ಕೆಯು ತೋಡಿದ ಕುಳಿಯೊಳಗೆ ಕುಳಿತಿದೆ. ಮುಂದೆ ಪೈನ್‌ವಿಲ್, ಹಾರ್ಲನ್, ಅಲ್ಲಿಂದ ಕಂಬರ್‌ಲ್ಯಾಂಡ್. ಎರಡೂ ಮಗ್ಗುಲಲ್ಲಿ ಬೆಟ್ಟ, ನಡುವೆ ಒಂದು ಹೊಳೆ, ಒಂದು ರಸ್ತೆ, ಒಂದು ರೈಲುಹಳಿ. ಉಳಿದ ಜಾಗದಲ್ಲಿ ಮನೆಗಳು. ಮಾಗಿಯ ಮುನ್ನ ಅಲ್ಲಿನ ಮರಗಳೆಲ್ಲ ಕೆಂಪು, ಹಳದಿ, ಕಂದು ಬಣ್ಣಕ್ಕೆ ತಿರುಗಿ ಇಡೀ ಬೆಟ್ಟವೇ ಇಳಕಲ್ಲ ಸೀರೆಯ ಸೆರಗಿನಂತೆ ಕಾಣುತ್ತಿತ್ತು. ಆ ಸೊಬಗನ್ನು ನೋಡುತ್ತ ಕುಳಿತ ನಮಗೆ ರಸ್ತೆಯ ಬದಿಯ ಮುಚ್ಚಿದ ಅಂಗಡಿಗಳು ಕಣ್ಣಿಗೆ ಬಿದ್ದದ್ದು ತುಸು ತಡವಾಗಿ. ಹಲಗೆ ಬಡಿದ ಕಿಟಕಿಗಳು, ಹುಲ್ಲು ಬೆಳೆದ ಪೆಟ್ರೋಲ್ ಬಂಕುಗಳು. "ಮೂರು ಬಾಗಿಲಿಗೊಂದು ತೆರೆದಿದ್ದರೆ ಅದೇ ದೊಡ್ಡದು" ಎಂದರು ವೈದ್ಯರು.

ಹಾರ್ಲನ್ ಜಿಲ್ಲೆಯ ಜನಸಂಖ್ಯೆ 1940ರಲ್ಲಿ 75,275 ಇದ್ದಿತು. 2010ರ ಗಣತಿಗೆ ಅದು 29,278ಕ್ಕೆ, 2020ರ ಗಣತಿಗೆ 26,831ಕ್ಕೆ ಇಳಿಯಿತು. ಎಂಬತ್ತು ವರ್ಷಗಳಲ್ಲಿ ಮೂವರಲ್ಲಿ ಇಬ್ಬರು ಕಡಿಮೆಯಾದರೆಂದರೆ ಯುದ್ಧವಿಲ್ಲದೆ, ಮಹಾಮಾರಿಯಿಲ್ಲದೆ ಆದ ಈ ಕ್ಷಯವನ್ನು ಏನೆಂದು ಕರೆಯೋಣ?

ಕಾರಣ ನೆಲದೊಳಗೇ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊರಗಿನ ದಲ್ಲಾಳಿಗಳು ಈ ಬೆಟ್ಟಗಳಿಗೆ ಬಂದು, ರೈತರಿಂದ ಭೂಮಿಯ ಅಡಿಯ ಖನಿಜದ ಹಕ್ಕನ್ನು ಮಾತ್ರ ಅತ್ಯಲ್ಪ ಬೆಲೆಗೆ ಬರೆಸಿಕೊಂಡರು. ಮೇಲಿನ ಹೊಲ ನಿಮ್ಮದು, ಕೆಳಗಿನ ಕಲ್ಲಿದ್ದಲು ನಮ್ಮದು ಎಂಬ ಕರಾರು. ಅಕ್ಷರ ಬಾರದ ಜನ ಹೆಬ್ಬೆಟ್ಟು ಒತ್ತಿದರು. ಕೆಳಗಿನದನ್ನು ತೆಗೆಯಲು ಮೇಲಿನದನ್ನು ಬಗೆಯುವ ಹಕ್ಕೂ ಅದರಲ್ಲಿ ಅಡಗಿತ್ತೆಂಬುದು ಮೊಮ್ಮಕ್ಕಳ ಕಾಲಕ್ಕೆ ತಿಳಿಯಿತು. ಒಡೆಯನ ಒಪ್ಪಿಗೆಯಿಲ್ಲದೆ ಹೊಲ ಬಗೆಯಬಾರದೆಂದು ಕೆಂಟಕಿಯ ಮತದಾರರು ರಾಜ್ಯದ ಸಂವಿಧಾನವನ್ನು ತಿದ್ದಿದ್ದು 1988ರಲ್ಲಿ. ಅಷ್ಟರಲ್ಲಿ ಅನೇಕ ಬೆಟ್ಟಗಳ ಮೈ ಬೋಳಾಗಿತ್ತು.

ಕಂಬರ್‌ಲ್ಯಾಂಡಿನ ಪಕ್ಕದಲ್ಲೇ ಬೆನ್‌ಹಮ್ ಮತ್ತು ಲಿಂಚ್ ಎಂಬ ಎರಡು ಊರುಗಳಿವೆ. ಎರಡನ್ನೂ ಕಟ್ಟಿದವರು ಕಂಪನಿಗಳು. ಬೆನ್‌ಹಮ್ಮನ್ನು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ಕೃಷಿಯಂತ್ರಗಳ ಕಂಪನಿಯ ಅಂಗಸಂಸ್ಥೆ ಕಟ್ಟಿತು. ಲಿಂಚನ್ನು 1917ರಿಂದೀಚೆಗೆ ಕಟ್ಟಿದ್ದು ಯು.ಎಸ್. ಸ್ಟೀಲ್ ಕಂಪನಿಯ ಅಂಗಸಂಸ್ಥೆ. ಮನೆ ಕಂಪನಿಯದು, ಶಾಲೆ ಕಂಪನಿಯದು, ಆಸ್ಪತ್ರೆ ಕಂಪನಿಯದು. ಕಾರ್ಮಿಕನಿಗೆ ಕೊಡುತ್ತಿದ್ದ ಬಿಲ್ಲೆಗಳೂ ಕಂಪನಿಯ ಟಂಕಸಾಲೆಯವೇ. ಅವು ಸಲ್ಲುತ್ತಿದ್ದುದು ಕಂಪನಿಯ ಅಂಗಡಿಯಲ್ಲಿ ಮಾತ್ರ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿಯುವ ಈ ಚಾತುರ್ಯವನ್ನು ಕೇಳಿದಾಗ ನಮ್ಮೂರಿನ ಸಾಹುಕಾರರ ಖಾತೆಪುಸ್ತಕ ನೆನಪಿಗೆ ಬಾರದಿರಲಿಲ್ಲ. ಒಂದು ಕಾಲಕ್ಕೆ ಲಿಂಚ್ ಊರಿನಲ್ಲಿ ಹತ್ತು ಸಾವಿರ ಜನವಿದ್ದರಂತೆ. ಇಟಲಿ, ಹಂಗೆರಿಗಳಿಂದ ಬಂದವರು, ಅಲಬಾಮಾದ ಹತ್ತಿಯ ಹೊಲಗಳಿಂದ ಬಂದ ಕಪ್ಪು ಜನ, ಬೆಟ್ಟದ ಮೂಲನಿವಾಸಿ ಬಿಳಿಯರು ಎಲ್ಲರೂ ಒಂದೇ ಗಣಿಯೊಳಗೆ ಇಳಿಯುತ್ತಿದ್ದರು. ಯಂತ್ರಗಳು ಬಂದವು, ಕೂಲಿಗಳು ಬೇಡವಾದರು. ಕಂಪನಿಗಳು ಮನೆಗಳನ್ನು ಮಾರಿ ಹೊರಟುಹೋದವು. 2010ರ ಗಣತಿಗೆ ಲಿಂಚ್‌ನಲ್ಲಿ ಉಳಿದವರು 747 ಮಂದಿ.

ಎಲ್ಲರೂ ಹೋದ ಈ ಕಣಿವೆಯಲ್ಲಿ ಹೋಗದೆ ಉಳಿದ ಸಂಸ್ಥೆಯೊಂದಿದೆ. ಅದನ್ನು ತೋರಿಸಲೆಂದೇ ವೈದ್ಯರು ನಮ್ಮನ್ನು ಕರೆತಂದಿದ್ದರು.

ಕೆಂಟಕಿ ವಿಶ್ವವಿದ್ಯಾಲಯವು 1960ರಲ್ಲಿ ಕಂಬರ್‌ಲ್ಯಾಂಡ್ ಊರಿನಲ್ಲಿ ಎರಡು ವರ್ಷದ ಶಿಕ್ಷಣದ ಒಂದು ಕಾಲೇಜನ್ನು ಆರಂಭಿಸಿತು. ಇಂದು ಅದರ ಹೆಸರು ಸೌತ್‌ಈಸ್ಟ್ ಕೆಂಟಕಿ ಕಮ್ಯೂನಿಟಿ ಅಂಡ್ ಟೆಕ್ನಿಕಲ್ ಕಾಲೇಜು. ಸುತ್ತಲಿನ ಊರುಗಳಲ್ಲಿಯೂ ಅದರ ಶಾಖೆಗಳಿವೆ. ಕಮ್ಯೂನಿಟಿ ಕಾಲೇಜು ಎಂಬುದು ಅಮೆರಿಕೆಯ ವಿಶಿಷ್ಟ ನಿರ್ಮಾಣ. ಪ್ರವೇಶಕ್ಕೆ ಪೈಪೋಟಿಯಿಲ್ಲ, ಬಂದವರಿಗೆಲ್ಲ ಬಾಗಿಲು ತೆರೆದಿರುತ್ತದೆ. ಹದಿನೆಂಟರ ಹುಡುಗನ ಪಕ್ಕದಲ್ಲಿ ಗಣಿಯ ಕೆಲಸ ಕಳೆದುಕೊಂಡ ಐವತ್ತರ ತಂದೆಯೂ ಕುಳಿತಿರಬಹುದು. ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಎರಡು ವರ್ಷದ ಪದವಿ, ಕೂಡಲೇ ದುಡಿಯಬೇಕಾದವರಿಗೆ ದಾದಿಯರ ಶಿಕ್ಷಣ, ಬೆಸುಗೆ, ವಿದ್ಯುತ್ ಕೆಲಸ. ಶುಲ್ಕ ಕಡಿಮೆ, ಮನೆಯಿಂದಲೇ ಹೋಗಿ ಬರಬಹುದು.

ಇಂತಹ ಕಾಲೇಜು ವಿದ್ಯೆ ಕೊಟ್ಟರೆ ಸಾಕೆ? ಕೊಟ್ಟ ವಿದ್ಯೆಗೆ ಊರಿನಲ್ಲಿ ಕೆಲಸವಿಲ್ಲದಿದ್ದರೆ ಕಾಲೇಜು ಊರನ್ನು ಬರಿದು ಮಾಡುವ ಇನ್ನೊಂದು ರೈಲುನಿಲ್ದಾಣವಾಗುವುದಿಲ್ಲವೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಫೋರ್ಡ್ ಪ್ರತಿಷ್ಠಾನವು 1994ರಲ್ಲಿ ಗ್ರಾಮೀಣ ಸಮುದಾಯ ಕಾಲೇಜುಗಳಿಗಾಗಿ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಅದನ್ನು ನಡೆಸುವ ಹೊಣೆ ಹೊತ್ತದ್ದು ಉತ್ತರ ಕೆರೊಲಿನಾದಲ್ಲಿ 1967ರಲ್ಲಿ ಹುಟ್ಟಿದ ಎಂ.ಡಿ.ಸಿ. ಎಂಬ ಸಂಸ್ಥೆ. ಮೊದಲು ಒಂಬತ್ತು, ಮುಂದೆ ಒಟ್ಟು 24 ಕಾಲೇಜುಗಳು ಇದರಲ್ಲಿ ಸೇರಿದವು. ಎಲ್ಲವೂ ಬಡತನ ಬೇರುಬಿಟ್ಟ ಸೀಮೆಗಳವು: ಅಪಲಾಚಿಯದ ಬೆಟ್ಟಗಳು, ದಕ್ಷಿಣದ ಹತ್ತಿಯ ನಾಡು, ನೈರುತ್ಯದ ಒಣಭೂಮಿ, ಪಶ್ಚಿಮದ ಆದಿವಾಸಿ ಇಂಡಿಯನ್ನರ ಮೀಸಲು ಪ್ರದೇಶಗಳು. ಮೊಂಟಾನಾದ ಫೋರ್ಟ್ ಪೆಕ್ ಮೀಸಲಿನಲ್ಲಿ ಬುಡಕಟ್ಟಿನವರೇ ನಡೆಸುವ ಕಾಲೇಜೂ ಅದರಲ್ಲಿತ್ತು, ಲೇಖಕಿ ಹಾರ್ಪರ್ ಲೀಯ ತವರೂರಾದ ಅಲಬಾಮಾದ ಮನ್ರೋವಿಲ್‌ನ ಕಾಲೇಜೂ ಇತ್ತು. ಕಂಬರ್‌ಲ್ಯಾಂಡಿನ ಈ ಕಾಲೇಜೂ ಆ ಸಾಲಿನದೇ.

ಕಾರ್ಯಕ್ರಮಕ್ಕೆ ಎರಡು ಗುರಿಗಳಿದ್ದವು. ಬಡವರು ಕಾಲೇಜಿನ ಬಾಗಿಲಿಗೆ ಬರುವಂತಾಗಬೇಕು, ಕಾಲೇಜು ಊರಿನ ಆರ್ಥಿಕ ಬದುಕಿಗೆ ಕೈಕೊಡುವಂತಾಗಬೇಕು. ಹಣ ಸಿಕ್ಕಿತು, ಸಮ್ಮೇಳನಗಳೂ ನಡೆದವು, ಅವುಗಳ ವಿಷಯ ಇಲ್ಲಿ ಬೇಡ. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಪ್ರತಿಯೊಂದು ಕಾಲೇಜಿಗೂ ಗೊತ್ತುಮಾಡುತ್ತಿದ್ದ 'ಕೋಚ್' ಎಂಬ ವ್ಯಕ್ತಿ. ಕೋಚ್ ಎಂದರೆ ನಮ್ಮಲ್ಲಿ ಕಬಡ್ಡಿ, ಕ್ರಿಕೆಟ್ಟಿನ ತರಬೇತುದಾರ. ಕಾಲೇಜಿಗೆಂಥ ಕೋಚ್ ಎಂದು ನಾವು ನಕ್ಕಾಗ, ನಮ್ಮ ವೈದ್ಯರು ಗಂಭೀರವಾಗಿ, "ಗರಡಿಮನೆಯ ಉಸ್ತಾದ ಎಂದು ತಿಳಿಯಿರಿ ಗುರುಗಳೇ. ಜಾತ್ರೆಯ ಕಣದಲ್ಲಿ ಅವನು ಕುಸ್ತಿ ಹಿಡಿಯುವುದಿಲ್ಲ, ಅಂಚಿನಲ್ಲಿ ನಿಂತಿರುತ್ತಾನೆ" ಎಂದರು.

ಅಂಥ ಕೋಚ್ ಒಬ್ಬರನ್ನೇ ಭೇಟಿಯಾಗುವ ಯೋಗ ನಮಗೆ ದೊರೆಯಿತು. ವೈದ್ಯರ ಬಳಿ ಚಿಕಿತ್ಸೆಗೆ ಬರುತ್ತಿದ್ದ ವೃದ್ಧ ಮಹಿಳೆ, ನಿವೃತ್ತ ಶಿಕ್ಷಕಿ. ಹಿಂದೆ ಬೇರೆ ರಾಜ್ಯಗಳ ಎರಡು ಮೂರು ಕಾಲೇಜುಗಳಿಗೆ ಈ ಕೆಲಸಕ್ಕಾಗಿ ಹೋಗಿಬರುತ್ತಿದ್ದವರು. ತಮ್ಮ ಹೆಸರನ್ನಾಗಲಿ ಆ ಕಾಲೇಜುಗಳ ಹೆಸರನ್ನಾಗಲಿ ಬರೆಯಬಾರದೆಂದು ಮೊದಲೇ ಮಾತು ತೆಗೆದುಕೊಂಡರು. ಬರುವಾಗ ಒಂದು ಜೋಳದ ರೊಟ್ಟಿಯನ್ನು ಹಿಡಿದು ತಂದಿದ್ದರು. ನಮ್ಮ ಬಿಳಿಜೋಳದ್ದಲ್ಲ, ಮೆಕ್ಕೆಜೋಳದ ಹಿಟ್ಟನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ ದಪ್ಪ ರೊಟ್ಟಿ. ಅದರೊಡನೆ ಆ ನಾಡಿನವರು ಉಣ್ಣುವ ಕಾಳಿನ ಸಾರಿಗೆ ಮಾಂಸ ಸೇರಿಸುವುದು ವಾಡಿಕೆಯಾದುದರಿಂದ, "ನಿಮ್ಮ ನೇಮ ಡಾಕ್ಟರು ಹೇಳಿದ್ದಾರೆ, ಸಾರು ಬಿಟ್ಟು ಬಂದೆ" ಎಂದರು. ವೈದ್ಯರ ಶ್ರೀಮತಿಯವರು ಮಾಡಿದ ಎಣ್ಣೆಗಾಯಿ ಪಲ್ಯದೊಡನೆ ಆ ರೊಟ್ಟಿ ಚೆನ್ನಾಗಿಯೇ ಹೊಂದಿತು.

ಆ ಅಮ್ಮನವರು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇವೆ. ಮೊದಲ ಸಲ ಒಂದು ಕಾಲೇಜಿಗೆ ಹೋದಾಗ ಪ್ರಾಚಾರ್ಯರು ಅಂದವಾಗಿ ಮುದ್ರಿಸಿದ ಯೋಜನೆಯೊಂದನ್ನು ಅವರ ಕೈಗಿತ್ತು, "ಇದನ್ನು ತಿದ್ದಿಕೊಡಿ" ಎಂದರಂತೆ. ಇವರು ಅದನ್ನು ಬಿಡಿಸದೆ ಮೇಜಿನ ಮೇಲಿಟ್ಟು, "ಈ ಕೋಣೆಯಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು?" ಎಂದು ಕೇಳಿದರು. ಕೋಣೆಯಲ್ಲಿದ್ದವರೆಲ್ಲ ಅಧ್ಯಾಪಕರು, ಅಧಿಕಾರಿಗಳು. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಮುಂದಿನ ಭೇಟಿಯ ವೇಳೆಗೆ ಅಂಗಡಿಯವರೊಬ್ಬರು, ಬ್ಯಾಂಕಿನವರೊಬ್ಬರು, ಕೆಲಸ ಕಳೆದುಕೊಂಡ ಕಾರ್ಮಿಕರೊಬ್ಬರು, ಚರ್ಚಿನ ಪಾದ್ರಿ, ಮೂರು ಮಕ್ಕಳ ತಾಯಿಯೊಬ್ಬಳು ಬಂದು ಕುಳಿತಿದ್ದರು.

ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: ದೊಡ್ಡ ಕಾರ್ಖಾನೆಯೊಂದು ಬರಬೇಕು. ಅದಕ್ಕಾಗಿ ಎಷ್ಟೋ ಊರುಗಳವರು ಸಾಲ ಮಾಡಿ ಷೆಡ್ಡುಗಳನ್ನು ಕಟ್ಟಿಸಿ ಕಾದಿದ್ದರು. ಕಾರ್ಖಾನೆ ಬಾರದೆ ಷೆಡ್ಡುಗಳಲ್ಲಿ ಪಾರಿವಾಳಗಳು ನೆಲೆಸಿದ್ದವು. ಕಾರ್ಖಾನೆ ಬರುವುದಿಲ್ಲವೆಂದು ಈ ಅಮ್ಮನವರು ಹೇಳಬಹುದಾಗಿತ್ತು, ಹೇಳಲಿಲ್ಲ. "ಕಳೆದ ವರ್ಷ ಈ ಕಣಿವೆಯಿಂದ ಹೊರಗೆ ಹೋದ ಹಣ ಯಾವ ಯಾವ ಕೆಲಸಕ್ಕೆ ಹೋಯಿತು? ಎಣಿಸಿಕೊಂಡು ಬನ್ನಿ" ಎಂದರು. ಎಣಿಸಿದಾಗ ತಿಳಿದದ್ದು: ಆಸ್ಪತ್ರೆಗೆ ದಾದಿಯರು ದೂರದ ನಗರದಿಂದ, ಯಂತ್ರ ಕೆಟ್ಟರೆ ರಿಪೇರಿಯವರು ಇನ್ನೊಂದು ಜಿಲ್ಲೆಯಿಂದ, ಅಂಗಡಿಗಳ ಲೆಕ್ಕ ಬರೆಯುವವರೂ ಹೊರಗಿನವರೇ. ಕಾಲೇಜಿನಲ್ಲಿ ಏನನ್ನು ಕಲಿಸಬೇಕೆಂಬುದು ಆ ಪಟ್ಟಿಯಲ್ಲಿಯೇ ಇತ್ತು.

ಮೂರು ಮಕ್ಕಳ ಆ ತಾಯಿ ಎರಡು ಸಭೆಗಳಲ್ಲಿ ಬಾಯಿ ಬಿಡಲಿಲ್ಲವಂತೆ. ಮೂರನೆಯದರಲ್ಲಿ, "ನಿಮ್ಮ ತರಗತಿ ಬೆಳಿಗ್ಗೆ ಎಂಟಕ್ಕೆ. ನನ್ನ ಬಳಿ ಕಾರಿಲ್ಲ, ಮಗುವನ್ನು ಬಿಡಲು ಜಾಗವಿಲ್ಲ. ನನಗಾಗಿ ಕಾಲೇಜು ತೆರೆದಿದೆ ಎಂದು ಹೇಗೆ ಹೇಳುತ್ತೀರಿ?" ಎಂದಳು. ಶಿಕ್ಷಣದ ಗುರಿ, ಆರ್ಥಿಕ ಬದುಕಿನ ಗುರಿ ಎಂದು ಎರಡು ಕಾಗದಗಳಲ್ಲಿ ಬರೆದುಕೊಂಡಿದ್ದವರು ಅಂದು ಎರಡನ್ನೂ ಕೂಡಿಸಿ ಒಂದೇ ಕಾಗದದಲ್ಲಿ ಬರೆಯಬೇಕಾಯಿತು.

"ಉತ್ತರವೇ ಕೊಡದಿದ್ದರೆ ನೀವು ಇಷ್ಟು ದೂರದಿಂದ ಹೋಗುತ್ತಿದ್ದುದೇಕೆ?" ಎಂದು ನಾವು ಕೇಳಿದೆವು. ಅವರು ನಕ್ಕರು. "ಎಷ್ಟೋ ಸಲ ಉತ್ತರ ನನ್ನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅದನ್ನು ನುಂಗಿಕೊಳ್ಳುವುದಕ್ಕೇ ನನಗೆ ಸಂಬಳ. ಹೊರಗಿನವಳು ಹೇಳಿದ ಉತ್ತರ ನನ್ನೊಡನೆಯೇ ಕಾರು ಹತ್ತಿ ಹೊರಟುಬಿಡುತ್ತದೆ" ಎಂದರು. ಎಲ್ಲ ಕಡೆಯೂ ಗೆದ್ದೆವೆಂದು ಅವರು ಹೇಳಿಕೊಳ್ಳಲಿಲ್ಲ. ಒಂದು ಕಡೆ ಅನುದಾನ ಮುಗಿದು ಪ್ರಾಚಾರ್ಯರು ಬದಲಾದೊಡನೆ ಯೋಜನೆಯ ಕಡತ ಕಪಾಟು ಸೇರಿತು. "ಅಲ್ಲಿ ನಾನು ಪ್ರಾಚಾರ್ಯರೊಬ್ಬರನ್ನೇ ನಂಬಿದೆ, ತಂಡವನ್ನು ಬೆಳೆಸಲಿಲ್ಲ. ತಪ್ಪು ನನ್ನದು" ಎಂದರು.

ಅವರ ಮಾತನ್ನು ನಾವು ಪೂರ್ತಿಯಾಗಿ ಒಪ್ಪಿದೆವೆಂದು ಹೇಳಲಾರೆವು. ಮಠದಲ್ಲಿ ನಮಗೆ ವ್ಯಾಕರಣ ಹೇಳಿದ ಗುರುಗಳು ಪ್ರಶ್ನೆ ಕೇಳಿ ಸುಮ್ಮನಿರುತ್ತಿದ್ದುದೂ ಉಂಟು, ಹಿಡಿದು ಕೂರಿಸಿ ಸೂತ್ರವನ್ನು ಬಾಯಿಪಾಠ ಮಾಡಿಸಿದ್ದೂ ಉಂಟು. ಎರಡನೆಯದಿಲ್ಲದೆ ಮೊದಲನೆಯದು ಸಾಗದು. ಇನ್ನೊಂದು ಮಾತು: ನೆಲದಡಿಯ ಸಂಪತ್ತೆಲ್ಲ ದೂರದ ಕಂಪನಿಗಳ ಹೆಸರಿನಲ್ಲಿರುವಾಗ ಕಾಲೇಜೊಂದು ಎಷ್ಟು ಸಭೆ ಕೂಡಿಸಿದರೇನು? ಬೆಟ್ಟದ ಒಡೆತನ ಯಾರದೆಂಬ ಪ್ರಶ್ನೆ ಬಂದಾಗ ಎಂಥ ಕೋಚ್ ಆದರೂ ಅಂಚಿನಲ್ಲಿಯೇ ನಿಲ್ಲಬೇಕಾಗುತ್ತದೆ. ಇದನ್ನು ಅವರ ಮುಂದೆ ಆಡಿದೆವು. ಅವರು ಅಲ್ಲವೆನ್ನಲಿಲ್ಲ.

ಆಮೇಲೆ ಅವರು ನಮ್ಮತ್ತ ತಿರುಗಿ, "ನಿಮ್ಮೂರಿನಲ್ಲಿಯೂ ನಿಮ್ಮವರು ಕಾಲೇಜು ನಡೆಸುತ್ತಾರೆಂದು ಡಾಕ್ಟರು ಹೇಳಿದರು. ಅದರ ಎದುರಿನ ಬೀದಿಯ ಜನ ಯಾವುದರಿಂದ ಬದುಕುತ್ತಾರೆ?" ಎಂದು ಕೇಳಿದರು.

ನಾವು ಹೆಮ್ಮೆಯಿಂದಲೇ ಬಾಯಿ ತೆರೆದೆವು. ಹಳ್ಳಿಗಾಡಿನ ಮಕ್ಕಳಿಗೆ ಉಚಿತ ಪ್ರಸಾದ ನಿಲಯ, ತಾಲ್ಲೂಕಿಗೆ ಮೊದಲ ಪದವಿ ಕಾಲೇಜು, ಇಷ್ಟು ಜನ ಅಧಿಕಾರಿಗಳಾದರು, ಇಷ್ಟು ಜನ ಬೆಂಗಳೂರು ಪುಣೆಗಳಲ್ಲಿ ನೆಲೆಸಿದರು ಎಂದೆಲ್ಲ ಹೇಳಿದೆವು. ಅವರು ಕೇಳಿದ್ದು ಅದಲ್ಲ. ನಮ್ಮ ಕಾಲೇಜಿನ ಎದುರಿನ ಬೀದಿಯಲ್ಲಿ ಕೈಮಗ್ಗದ ಮನೆಗಳಿವೆ. ಮಗ್ಗದ ಸದ್ದು ತರಗತಿಗೆ ಕೇಳುತ್ತದೆ. ಆಡಳಿತ ಮಂಡಳಿಯಲ್ಲಿ ಹತ್ತು ವರ್ಷ ಕುಳಿತ ನಮಗೆ ಅಲ್ಲಿ ಎಷ್ಟು ಮಗ್ಗಗಳಿವೆ, ನೂಲು ಎಲ್ಲಿಂದ ಬರುತ್ತದೆ, ನೇಯ್ದ ಬಟ್ಟೆ ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿದಿರಲಿಲ್ಲ. ಆ ಸದ್ದಿನಿಂದ ಪಾಠಕ್ಕೆ ತೊಂದರೆಯೆಂದು ಕಿಟಕಿಗಳಿಗೆ ಗಾಜು ಹಾಕಿಸಿದ್ದು ಮಾತ್ರ ನೆನಪಿಗೆ ಬಂದಿತು.

ಮರುದಿನ ಬೆನ್‌ಹಮ್‌ನ ಕಲ್ಲಿದ್ದಲ ಗಣಿ ವಸ್ತುಸಂಗ್ರಹಾಲಯಕ್ಕೆ ಹೋದೆವು. ಹಿಂದೆ ಕಂಪನಿಯ ಅಂಗಡಿಯಾಗಿದ್ದ ಇಟ್ಟಿಗೆಯ ಕಟ್ಟಡವೇ 1994ರಲ್ಲಿ ವಸ್ತುಸಂಗ್ರಹಾಲಯವಾಯಿತು. ಇದರ ಒಡೆತನ ಕಾಲೇಜಿನದು. ದೀಪ ಕಟ್ಟಿದ ಟೊಪ್ಪಿಗೆಗಳು, ಊಟದ ಡಬ್ಬಿಗಳು, ಆ ಬಿಲ್ಲೆ ನಾಣ್ಯಗಳು. ನೆಲಮಾಳಿಗೆಯಲ್ಲಿ ಗಣಿಯನ್ನೇ ಹೋಲುವ ಒಂದು ಕತ್ತಲ ಹಾದಿ. ಗಣಿಕಾರನ ಮಗಳಾಗಿ ಕೆಂಟಕಿಯಲ್ಲಿ ಹುಟ್ಟಿ ಗಾಯನದಿಂದ ಕೀರ್ತಿ ಪಡೆದ ಲೊರೆಟ್ಟಾ ಲಿನ್ ಅವರ ಉಡುಪುಗಳನ್ನೂ ಅಲ್ಲಿಟ್ಟಿದ್ದಾರೆ. ಹೊರಗೆ ಬಂದು ತಲೆಯೆತ್ತಿದರೆ ಛಾವಣಿಯ ಮೇಲೆ ಸೂರ್ಯನ ಬೆಳಕಿನಿಂದ ವಿದ್ಯುತ್ ಮಾಡುವ ಫಲಕಗಳು! 2017ರಲ್ಲಿ ಅವನ್ನು ಕೂಡಿಸಿದಾಗ ದೇಶದ ಪತ್ರಿಕೆಗಳೆಲ್ಲ ಈ ವಿಚಿತ್ರವನ್ನು ಬರೆದವಂತೆ. ವರ್ಷಕ್ಕೆ 8,000ದಿಂದ 10,000 ಡಾಲರ್ ಉಳಿಯುವುದೆಂದು ಕಾಲೇಜಿನ ಅಂದಾಜು. ಬಂದವರು ನಗುತ್ತಾರೆ. ಊರಿನವರಿಗೆ ಅದರಲ್ಲಿ ನಗುವಂಥದೇನೂ ಕಾಣುವುದಿಲ್ಲ.

ಲಿಂಚ್‌ನಲ್ಲಿ ಪೋರ್ಟಲ್ 31 ಎಂಬ ಹಳೆಯ ಗಣಿಯ ಬಾಯಿಯನ್ನು 2009ರಿಂದ ಪ್ರವಾಸಿಗರಿಗೆ ತೆರೆದಿದ್ದಾರೆ. ಸಣ್ಣ ರೈಲುಬಂಡಿಯಲ್ಲಿ ಕುಳಿತು ಒಳಗೆ ಹೋಗಿ ಬಂದೆವು. ಬೆನ್‌ಹಮ್‌ನಲ್ಲಿ ಕಂಪನಿ 1926ರಲ್ಲಿ ಕಟ್ಟಿಸಿದ್ದ ಶಾಲೆ ಮುಂದೆ ವಸತಿಗೃಹವಾಯಿತು. ಮಕ್ಕಳು ಪುಸ್ತಕವಿಡುತ್ತಿದ್ದ ಕಬ್ಬಿಣದ ಕಪಾಟುಗಳು ಗೋಡೆಯುದ್ದಕ್ಕೂ ಹಾಗೆಯೇ ಇವೆ. ಲಿಂಚ್ ಬಿಟ್ಟುಹೋದ ಕಪ್ಪು ಜನರ ಮಕ್ಕಳು, ಮೊಮ್ಮಕ್ಕಳು ಬೇರೆ ಬೇರೆ ನಗರಗಳಲ್ಲಿದ್ದುಕೊಂಡೇ ಈಸ್ಟರ್ನ್ ಕೆಂಟಕಿ ಸೋಷಿಯಲ್ ಕ್ಲಬ್ ಎಂಬ ಸಂಘ ಕಟ್ಟಿಕೊಂಡು ವರ್ಷಕ್ಕೊಮ್ಮೆ ಕೂಡುತ್ತಾರೆ. ಅವರ ಪೂರ್ವಜರು ಓದಿದ ಶಾಲೆಯ ಕಟ್ಟಡ ಇಂದಿಗೂ ಅವರ ಅಭಿಮಾನದ ಸ್ಥಳ. ಜಾತ್ರೆಗೆ ಊರಿಗೆ ಬರುವ ನಮ್ಮ ಮುಂಬಯಿ ವಾಸಿಗಳ ನೆನಪಾಯಿತು.

ಆದರೆ ಪ್ರವಾಸಿಗರಿಂದ ಒಂದು ಕಣಿವೆ ಬದುಕಲಾರದು. ನಾವು ಹೋದ ದಿನ ಗಣಿಯ ರೈಲುಬಂಡಿಯಲ್ಲಿ ನಮ್ಮನ್ನು ಬಿಟ್ಟು ಇಬ್ಬರೇ ಇದ್ದರು. ಕಾಲೇಜಿನ ನಿಜವಾದ ಕೆಲಸವನ್ನು ವೈದ್ಯರ ಚಿಕಿತ್ಸಾಲಯದಲ್ಲಿ ಕಂಡೆವು. ಅಲ್ಲಿನ ದಾದಿ ಇದೇ ಕಾಲೇಜಿನಲ್ಲಿ ಕಲಿತವಳು. ಅವಳ ತಂದೆ ಕಲ್ಲಿದ್ದಲ ಧೂಳಿನಿಂದ ಶ್ವಾಸಕೋಶ ಕಪ್ಪಾಗುವ ರೋಗದ ರೋಗಿ, ಆಮ್ಲಜನಕದ ಕೊಳವೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ಅಲ್ಲಿಯೇ ಕುಳಿತಿದ್ದ. ತಮ್ಮ ಕೆಲಸ ಹುಡುಕಿಕೊಂಡು ಟೆನೆಸ್ಸೀಗೆ ಹೋದ, ಇವಳು ಉಳಿದಳು. "ಇವಳಂಥವರು ನಾಲ್ವರು ಬಿಟ್ಟುಹೋದರೆ ನಾನೂ ಬಾಗಿಲು ಹಾಕಬೇಕು" ಎಂದರು ವೈದ್ಯರು.

ಆ ಜನರ ದುಃಖ ಬರಿಯ ನಿರುದ್ಯೋಗದ್ದಲ್ಲ. ನೋವು ಶಮನದ ಮಾತ್ರೆಗಳ ಚಟ ಈ ಬೆಟ್ಟಗಳಲ್ಲಿ ಮನೆಮನೆಯನ್ನು ಹೊಕ್ಕಿತು. ಕೆಟ್ಟ ಬೆನ್ನಿಗೆಂದು ತೆಗೆದುಕೊಂಡ ಮಾತ್ರೆಯಿಂದ ಆರಂಭವಾಗಿ ಮಕ್ಕಳವರೆಗೂ ಹಬ್ಬಿತು. ಇದನ್ನು ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಆಗ ಈ ಕಾಲೇಜು ಮಾಡಿದ ಕೆಲಸ ನಮಗೆ ತುಂಬ ಮೆಚ್ಚುಗೆಯಾಯಿತು. ವಿದ್ಯಾರ್ಥಿಗಳೂ ಊರವರೂ ಮನೆಮನೆಗೆ ಹೋಗಿ ಜನರ ಅನುಭವಗಳನ್ನು ಕೇಳಿ ದಾಖಲಿಸಿಕೊಂಡರು. ಆ ಮಾತುಗಳಿಂದಲೇ 'ಹೈಯರ್ ಗ್ರೌಂಡ್' ಎಂಬ ನಾಟಕ ಹುಟ್ಟಿ 2005ರಲ್ಲಿ ರಂಗವೇರಿತು. ನಟರೆಲ್ಲ ಊರಿನವರೇ. ಮುಂದೆ ಅದೇ ಹೆಸರಿನ ಮಾಲೆಯಲ್ಲಿ ಇನ್ನೂ ಹಲವು ನಾಟಕಗಳು ಬಂದವು. ನಾಟಕದಿಂದ ಉದ್ಯೋಗ ಬರುತ್ತದೆಯೆ ಎಂದು ಲೆಕ್ಕಿಗರು ಕೇಳಬಹುದು. ಒಬ್ಬರ ಮುಖವನ್ನೊಬ್ಬರು ನೋಡಲು ನಾಚುವ ಊರಿನಲ್ಲಿ ಯಾವ ಉದ್ಯೋಗವನ್ನು ತಾನೇ ಕಟ್ಟಲಾದೀತು?

ನಾವು ಮರಳಿ ಬಂದ ಮರುವರ್ಷ, 2019ರ ಜುಲೈ ತಿಂಗಳಲ್ಲಿ, ವೈದ್ಯರು ದೂರವಾಣಿಯಲ್ಲಿ ಮಾತಾಡಿದರು. ಬ್ಲ್ಯಾಕ್‌ಜ್ಯುವೆಲ್ ಎಂಬ ಗಣಿ ಕಂಪನಿ ದಿವಾಳಿಯೆದ್ದು, ಕಾರ್ಮಿಕರಿಗೆ ಕೊಟ್ಟಿದ್ದ ಸಂಬಳದ ಚೆಕ್ಕುಗಳಿಗೆ ಬ್ಯಾಂಕಿನಲ್ಲಿ ಹಣ ದೊರೆಯಲಿಲ್ಲ. ಕಂಬರ್‌ಲ್ಯಾಂಡಿನ ಹತ್ತಿರ ಕಾರ್ಮಿಕರು ರೈಲುಹಳಿಯ ಮೇಲೆ ಕುಳಿತು, ತಾವೇ ಅಗೆದ ಕಲ್ಲಿದ್ದಲನ್ನು ಹೊತ್ತ ಗಾಡಿಯನ್ನು ತಡೆದರು. ವಾರಗಟ್ಟಲೆ ಹಳಿಯ ಬಳಿಯೇ ಬಿಡಾರ ಹೂಡಿದರು. "ನೂರು ವರ್ಷವಾದರೂ ಕಥೆ ಬದಲಾಗಲಿಲ್ಲ ಗುರುಗಳೇ. ಆದರೆ ಅವರಲ್ಲಿ ಕೆಲವರು ಕಾಲೇಜಿಗೆ ಹೋಗಿ ಬೇರೆ ಕಸುಬಿನ ವಿಚಾರ ಕೇಳುತ್ತಿದ್ದಾರೆ" ಎಂದರು. ಅವರ ದನಿಯಲ್ಲಿ ದಣಿವಿತ್ತು. ಹುಟ್ಟೂರಿಗೆ ಬಂದುಬಿಡಿರೆಂದು ಹೇಳೋಣವೆನಿಸಿ ನಾವು ಸುಮ್ಮನಾದೆವು. ಆ ಅಮ್ಮನವರು ಕಲಿಸಿದ ಪಾಠದ ಮೊದಲ ಪ್ರಯೋಗ ಅದೇ ಇರಬೇಕು.

ಇನ್ನು ನಮ್ಮ ಕಾಲೇಜಿನ ಮಾತು. ಅಮೆರಿಕೆಯಿಂದ ಬಂದ ವಾರದಲ್ಲಿಯೇ ಕಚೇರಿಯ ಗುಮಾಸ್ತರೊಡನೆ ಕುಳಿತು ಹಳೆಯ ದಾಖಲಾತಿ ಪುಸ್ತಕಗಳನ್ನು ತೆಗೆಸಿದೆವು. ಪದವಿ ಪಡೆದವರು ಈಗ ಎಲ್ಲಿದ್ದಾರೆಂದು ಬರೆದಿಡುವ ಪದ್ಧತಿಯೇ ಇರಲಿಲ್ಲ. ವರ್ಗಾವಣೆ ಪತ್ರ ಕೊಟ್ಟಲ್ಲಿಗೆ ನಮ್ಮ ಸಂಬಂಧ ಮುಗಿದಿತ್ತು. ಸಂಜೆ ಜವಾನನನ್ನು ಕರೆದುಕೊಂಡು ರಸ್ತೆ ದಾಟಿ ಎದುರಿನ ಮನೆಗೆ ಹೋದೆವು. ಮಗ್ಗದ ಮುಂದಿದ್ದ ಹಿರಿಯರು ಗಾಬರಿಯಿಂದ ಎದ್ದು ಕಾಲಿಗೆರಗಲು ಬಂದು, "ಏನ್ ಬಂದ್ರಿ ಅಪ್ಪಾರೆ, ಮಗ್ಗದ ಸಪ್ಪಳ ಭಾಳ ಆತೇನ್ರಿ?" ಎಂದರು. ಇಷ್ಟು ವರ್ಷಗಳಲ್ಲಿ ಕಾಲೇಜಿನವರು ಆ ಮನೆಗೆ ಬಂದಿದ್ದುದು ಅದೊಂದೇ ದೂರಿಗಾಗಿ.

ನೂಲಿನ ಬೆಲೆಯೆಷ್ಟು, ಬಣ್ಣಕ್ಕೆಷ್ಟು, ಸಾಹುಕಾರರು ಸೀರೆಗೆ ಕೊಡುವುದೆಷ್ಟು ಎಂದು ಕೇಳಿದೆವು. ಅವರು ಒಳಗೆ ನೋಡಿ ಮಗಳನ್ನು ಕರೆದರು. ನಮ್ಮ ಕಾಲೇಜಿನಲ್ಲಿಯೇ ಬಿ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಹುಡುಗಿ. ತರಗತಿಯಲ್ಲಿ ಅವಳನ್ನು ನಾವು ಎಷ್ಟೋ ಸಲ ನೋಡಿರಬೇಕು, ಗುರುತು ಹತ್ತಲಿಲ್ಲ. ಅವಳು ಒಳಗಿನಿಂದ ಒಂದು ನೋಟುಪುಸ್ತಕ ತಂದು ಕೊಟ್ಟಳು. ಮೂರು ವರ್ಷದ ಲೆಕ್ಕ, ನೂಲಿನಿಂದ ಮಾರಾಟದವರೆಗೆ, ದುಂಡನೆಯ ಅಕ್ಷರಗಳಲ್ಲಿ. ಯಾರೂ ಕೇಳಿರಲಿಲ್ಲ, ಅವಳು ಯಾರಿಗೂ ತೋರಿಸಿರಲಿಲ್ಲ.

ಮುಂದಿನ ಸೋಮವಾರ ಆಡಳಿತ ಮಂಡಳಿಯ ಸಭೆಯಿತ್ತು. ಆ ಹಿರಿಯರನ್ನೂ ಬೀದಿಯ ಇನ್ನೊಬ್ಬ ನೇಕಾರರನ್ನೂ ಸಭೆಗೆ ಕರೆದೆವು. ಒಬ್ಬರು ಬಂದರು. ಅವರಿಗಾಗಿ ಒಂದು ಕುರ್ಚಿ ಕಡಿಮೆ ಬಿದ್ದು ಪಕ್ಕದ ತರಗತಿಯಿಂದ ತರಿಸಬೇಕಾಯಿತು.